ಖಾಲಿ ದೋಣಿಗೆ ಒಬ್ಬ ಮನುಷ್ಯ

ಸಮುದ್ರವನ್ನು ಕಣ್ಣಾರೆ ಕಾಣುವ ಮೊದಲೇ ನಾನು ಸಮುದ್ರ ಬರೆದಿದ್ದೆ. ಹಲಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಸಮುದ್ರ ಎಲ್ಲಿಂದ ಬರಬೇಕು? ನಮ್ಮ ಪಾಲಿಗೆ ಹಲಸೂರು ಕೆರೆಯೇ ಅರಬ್ಬಿ ಸಮುದ್ರ, ಅದೇ ಬಂಗಾಳ ಕೊಲ್ಲಿ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಶಿವಾಜಿನಗರದ ಗೌಸ್ ಸಾಹೇಬರ ಅಂಗಡಿಗೆ ಸೇರಿದೆ. ಗೋಡೆಗೆ ತೂಗುಹಾಕುವ ಚಿತ್ರ ಬರೆದು, ಫ್ರೇಮು ಹಾಕಿ ಮಾರುವ ಅಂಗಡಿ ಅದು. ಕಣ್ಣು ಮಂಜಾಗಿ ಬ್ರಷ್ಷು ಕೆಳಗಿಡುವವರೆಗೂ ಅಲ್ಲೇ ಇದ್ದೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ನನ್ನ ತಂಗಿಯ ಮಗಳು. ಈಚೆಗೆ ಇಂದಿರಾನಗರದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಆಸ್ಪತ್ರೆ, ಹೋಟೆಲು, ಆಫೀಸುಗಳ ಗೋಡೆಗೆ ಚಿತ್ರ ಮಾಡಿಕೊಡುವ ಕೆಲಸ. ಮೊನ್ನೆ ಮನೆಗೆ ಬಂದು, "ದೊಡ್ಡಮ್ಮ, ಇದ್ರಲ್ಲಿ ಆರ್ಟ್ ಏನಿದೆ ಹೇಳು? ಸೋಫಾ ಕಲರ್‌ಗೆ ಮ್ಯಾಚ್ ಆದ್ರೆ ಆಯ್ತು. ಯಾರು ನೋಡ್ತಾರೆ?" ಅಂದಳು. ನನಗೆ ಉರಿದುಹೋಯಿತು. ಯಾರು ನೋಡುತ್ತಾರಂತೆ! ನೋಡುತ್ತಾರಮ್ಮ. ನೀನು ಎಣಿಸಿದ್ದಕ್ಕಿಂತ ಹೆಚ್ಚು ನೋಡುತ್ತಾರೆ. ಅವಳಿಗೆ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅಂತಲೇ ಇದು. ನನಗೆ ಬಂದ ಶಾಲು ಹಾರಗಳ ವಿಚಾರ ಇದರಲ್ಲಿಲ್ಲ. ಬಂದದ್ದೂ ಅಷ್ಟಕ್ಕಷ್ಟೇ.

ಸೇರಿದ ಹೊಸತರಲ್ಲಿ ಸಾಹೇಬರು ಒಂದು ಕ್ಯಾಲೆಂಡರ್ ಚಿತ್ರ ಕೊಟ್ಟು, "ಇದನ್ನ ನೋಡಿ ಒಂದು ಸಮುದ್ರ ಬರೀ" ಎಂದರು. ಕ್ಯಾಲೆಂಡರಿನ ನೀರು ನೋಡಿ ಕಲಿಯುವುದು ಅಷ್ಟಕ್ಕಷ್ಟೆ. ನಾನು ಬುದ್ಧಿವಂತೆ ಅಲ್ಲವೆ, ಸಂಜೆ ಕೆರೆಯ ದಂಡೆಯ ಮೇಲೆ ಕೂತು ನೀರಿನ ಮೇಲೆ ಬೆಳಕು ಹೇಗೆ ಬೀಳುತ್ತದೆ, ಬೋಟಿಂಗಿನ ದೋಣಿ ಹೇಗೆ ಅಲುಗುತ್ತದೆ ಎಲ್ಲ ನೋಡಿ ನೋಡಿ ಬರೆದೆ. ಚಿತ್ರ ಚೆನ್ನಾಗಿಯೇ ಬಂತು. ಫ್ರೇಮು ಹಾಕಿ ಅಂಗಡಿಯ ಮುಂದಿಟ್ಟೆವು. ಕಾರವಾರದ ಕಡೆಯ ಹೆಂಗಸೊಬ್ಬರು ಬಂದು ಅದರ ಮುಂದೆ ನಿಂತು ತಲೆ ಓರೆ ಮಾಡಿದರು.

"ಚೆಂದ ಇದೆ. ಯಾವ ಕೆರೆ ಇದು?"

ಸಾಹೇಬರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಕೆರೆಯ ನೀರಿಗೆ ದಂಡೆಯಿದೆ, ಅದಕ್ಕೆ ಎಲ್ಲಿಗೂ ಹೋಗುವ ಆತುರವಿಲ್ಲ. ಸಮುದ್ರ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅದನ್ನು ತಿಳಿಯಲು ನಾನು ಮದ್ರಾಸಿಗೆ ಹೋಗಿ ಮರೀನಾ ಮರಳಿನಲ್ಲಿ ಒಂದು ಹಗಲು ಪೂರ್ತಿ ಕೂತು ಬರಬೇಕಾಯಿತು. ಮೂಗು ಸುಟ್ಟು ಸಿಪ್ಪೆ ಏಳುವಷ್ಟು ಬಿಸಿಲು ತಿಂದೆ. ಅಂದಿನಿಂದ ನನ್ನ ಸಮುದ್ರವನ್ನು ಯಾರೂ ಕೆರೆ ಅನ್ನಲಿಲ್ಲ, ಅಷ್ಟನ್ನು ಧೈರ್ಯವಾಗಿ ಹೇಳುತ್ತೇನೆ.

ಆಮೇಲೆ ಸೂರ್ಯನ ಗಲಾಟೆ. ಗಿರಾಕಿಗಳಿಗೆ ಹುಟ್ಟುವ ಸೂರ್ಯ ಬೇಕು. ಮುಳುಗುವ ಸೂರ್ಯನನ್ನು ಮನೆಯಲ್ಲಿ ಹಾಕಿಕೊಂಡರೆ ಯಜಮಾನನಿಗೆ ಏಳಿಗೆಯಿಲ್ಲ ಎಂದು ಯಾರೋ ಹೇಳಿರುತ್ತಾರೆ. ಕರಾವಳಿಯವರಿಗೆ ಅದು ಆಗುವುದಿಲ್ಲ, ಅವರ ಸಮುದ್ರದಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಲ್ಲ! ಒಮ್ಮೆ ಒಂದೇ ಚಿತ್ರದ ಮುಂದೆ ಇಬ್ಬರು ಗಿರಾಕಿಗಳು, ಇದು ಬೆಳಗು, ಇದು ಸಂಜೆ ಎಂದು ವಾದಕ್ಕೆ ನಿಂತರು. ಸಾಹೇಬರು ಚಹಾ ಲೋಟ ಕೆಳಗಿಡದೆ ಹೇಳಿದರು: "ಇವ್ರ ಮನೇಲಿ ಹುಟ್ತದೆ ಸಾರ್, ನಿಮ್ಮ ಮನೇಲಿ ಮುಳುಗ್ತದೆ. ಜಯಾ, ಇನ್ನೊಂದು ಇಂಥದ್ದೇ ಬರೀ." ಇಬ್ಬರೂ ಒಯ್ದರು. ಒಂದೇ ಹಳದಿ, ಒಂದೇ ಕಿತ್ತಳೆ. ಒಬ್ಬರಿಗೆ ದಿನ ಶುರುವಾಯಿತು, ಇನ್ನೊಬ್ಬರಿಗೆ ದಿನ ಮುಗಿಯಿತು. ಚಿತ್ರದ ಅರ್ಧ ಭಾಗ ನೋಡುವವರ ಎದೆಯಲ್ಲಿ ಮೊದಲೇ ಬರೆದಿರುತ್ತದೆ ಎಂದು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಚಹಾ ಲೋಟದ ಪಕ್ಕದಲ್ಲಿ.

ಗೌಸ್ ಸಾಹೇಬರು ಚಿತ್ರ ಬರೆದವರಲ್ಲ, ಫ್ರೇಮಿನ ಕೆಲಸದಿಂದ ಮೇಲೆ ಬಂದವರು. ಆದರೆ ಯಾವ ಮನೆಗೆ ಯಾವ ಚಿತ್ರ ಒಪ್ಪುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಸಮುದ್ರದ ಚಿತ್ರಕ್ಕೆ ಅವರು ಹಾಕಿಕೊಟ್ಟ ಕಟ್ಟಳೆ ಇಷ್ಟು: ದೋಣಿಯ ಮೂತಿ ನೋಡುವವರ ಕಡೆಗೆ ಇರಬೇಕು, ಅಂದರೆ ದೋಣಿ ಮನೆಯೊಳಕ್ಕೆ ಬರುವಂತಿರಬೇಕು. ಹೊರಗೆ ಹೋಗುವ ದೋಣಿಯನ್ನು ಇಂದಿರಾನಗರದಲ್ಲಿ ಪುಕ್ಕಟೆ ಕೊಟ್ಟರೂ ಗೋಡೆಗೆ ಹಾಕರು, ಮನೆಯ ಲಕ್ಷ್ಮಿಯೇ ದೋಣಿ ಹತ್ತಿ ಹೋದಳು ಅಂತಾರೆ. ಬಿಸಿಲು ತಿಳಿಯಾಗಿರಬೇಕು, ಅಲೆ ಶಾಂತವಾಗಿರಬೇಕು. ಇವೆಲ್ಲಕ್ಕಿಂತ ಮುಖ್ಯ, ದೋಣಿ ಖಾಲಿಯಿರಬೇಕು.

"ಕಾಯ್ಕೂ ಸಾಹೇಬ್ರೆ?" ಅಂತ ನಾನು ಅವರದೇ ಮಾತಿನಲ್ಲಿ, ಯಾಕೆ ಎಂದು ಕೇಳಿದ್ದೆ.

"ಮನುಷ್ಯ ಬಂದ್ರೆ ಜಾತಿ ಬರ್ತದೆ ಜಯಾ. ಲುಂಗಿ ಉಡಿಸ್ತೀಯೋ ಪಂಚೆ ಉಡಿಸ್ತೀಯೋ? ಟೋಪಿ ಹಾಕ್ತೀಯೋ ಶಿಲುಬೆ ಹಾಕ್ತೀಯೋ? ಖಾಲಿ ದೋಣಿ ಯಾರ ಮನೆಗೆ ಬೇಕಾದ್ರೂ ಹೋಗ್ತದೆ." ಆಮೇಲೆ ದನಿ ತಗ್ಗಿಸಿ, "ನಮಾಜ್ ಮಾಡೋ ಕೋಣೇಲಿ ನಮ್ಮ ಜನ ಮುಖ ಇರೋ ಚಿತ್ರ ಹಾಕಲ್ಲ. ಮುಖ ಬರೆದವನು ಅದಕ್ಕೆ ಜೀವಾನೂ ಕೊಡ್ಬೇಕಾಗ್ತದೆ ಅಂತಾರೆ ನಮ್ಮ ಹಿರಿಯರು. ನಿನ್ ಕೈಲಾಗ್ತದಾ? ಆಗಲ್ಲ. ಬಿಟ್ಬಿಡು" ಎಂದರು.

ಬಿಟ್ಟೆ. ಫ್ರೇಜರ್ ಟೌನಿನ ನಿಕಾಹಿಗೆ, ಹಲಸೂರಿನ ಗೃಹಪ್ರವೇಶಕ್ಕೆ, ರಿಚರ್ಡ್ಸ್ ಟೌನಿನ ಮುದುಕಿಯರ ಪಿಯಾನೋದ ಮೇಲಕ್ಕೆ ನನ್ನ ಖಾಲಿ ದೋಣಿಗಳು ಹೋದವು. ಎಲ್ಲರೂ "ನೋಡಿದ್ರೆ ಮನಸ್ಸಿಗೆ ಸಮಾಧಾನ ಆಗ್ತದೆ" ಅಂದರು. ಖಾಲಿ ದೋಣಿ ಎಂದರೆ ಸಮಾಧಾನ, ವಿಶ್ರಾಂತಿ. ನಾನೂ ಅದನ್ನೇ ನಂಬಿದ್ದೆ.

ದೊಡ್ಡನೆಕ್ಕುಂದಿ ಕಡೆ ಹೊಸದಾಗಿ ಆದ ಒಂದು ಆಸ್ಪತ್ರೆಯವರು ನಮ್ಮನ್ನು ಹುಡುಕಿಕೊಂಡು ಬಂದದ್ದು ಈ ಸಮಾಧಾನಕ್ಕಾಗಿಯೇ. ಆಪರೇಷನ್ ಥಿಯೇಟರಿನ ಹೊರಗೆ, ಮನೆಯವರು ಕಾದು ಕೂರುವ ಹಾಲಿಗೆ, ಗೋಡೆ ತುಂಬ ಒಂದು ಸಮುದ್ರ ಬೇಕು ಎಂದರು. ಟರ್ಪೆಂಟೈನ್ ವಾಸನೆ ಆಗದು ಎಂದು ಎಣ್ಣೆ ಬಣ್ಣ ಬೇಡವೆಂದರು. ಅಷ್ಟು ದೊಡ್ಡದನ್ನು ಅಕ್ರಿಲಿಕ್‌ನಲ್ಲಿ ಬರೆದದ್ದು ನನಗೆ ಅದೇ ಮೊದಲು. ಅಕ್ರಿಲಿಕ್ ಕ್ಷಣದಲ್ಲಿ ಒಣಗುತ್ತದೆ, ಎಣ್ಣೆಯಂತೆ ನಿಮ್ಮ ಮರ್ಜಿ ಕಾಯುವುದಿಲ್ಲ. ಶುರುವಿನಲ್ಲಿ ಅದನ್ನು ಬೈದುಕೊಂಡೇ ಬರೆದೆ, ಮುಗಿಯುವ ಹೊತ್ತಿಗೆ ಅದರ ಮೇಲೆ ಪ್ರೀತಿಯೂ ಬಂತು. ಚಿತ್ರ ಗೋಡೆ ಏರಿದಾಗ ಹಾಲಿನ ಬೆಳಕೇ ಬೇರೆಯಾಯಿತು. ತಿಳಿ ಬಿಸಿಲು, ಹಸಿರು ನೀಲಿ ನೀರು, ನಮ್ಮ ಕಡೆಗೆ ಮೆಲ್ಲಗೆ ತೇಲಿ ಬರುವ ಒಂದು ಖಾಲಿ ದೋಣಿ. ನಾನು ಬರೆದದ್ದರಲ್ಲೆಲ್ಲ ಅತ್ಯುತ್ತಮ ಅದು. ಈಗಲೂ ಹಾಗೇ ಹೇಳುತ್ತೇನೆ.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯ ಮ್ಯಾನೇಜರ್ ಫೋನ್ ಮಾಡಿದರು. "ಮೇಡಂ, ಒಬ್ರು ಲೇಡಿ ನಿಮ್ಮ ಪೇಂಟಿಂಗ್ ಮೇಲೆ ಬೆಡ್‌ಶೀಟ್ ಹಾಕ್ಬಿಟ್ಟಿದ್ದಾರೆ. ಸೆಕ್ಯೂರಿಟಿ ತೆಗೀತಾನೆ, ಅವ್ರು ಮತ್ತೆ ಹಾಕ್ತಾರೆ. ಅವರ ಹಸ್ಬೆಂಡ್‌ಗೆ ಒಳಗಡೆ ಹಾರ್ಟ್ ಸರ್ಜರಿ ನಡೀತಿದೆ. ಬೈಯೋಕೂ ಆಗ್ತಿಲ್ಲ. ಸ್ವಲ್ಪ ಬರ್ತೀರಾ?"

ನನ್ನ ಚಿತ್ರಕ್ಕೆ ಬೆಡ್‌ಶೀಟಾ! ಬಣ್ಣದ ಚೀಲ ಹೆಗಲಿಗೆ ಹಾಕಿ ಆಟೋ ಹತ್ತಿದೆ. ಕೆ.ಆರ್. ಪುರದ ಕಡೆಯ ಟ್ರಾಫಿಕ್ಕಿನಲ್ಲಿ ನಿಂತಷ್ಟೂ ಹೊತ್ತು ಆ ಹೆಂಗಸಿಗೆ ಏನೇನು ಹೇಳಬೇಕೋ ಎಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಹೋಗಿ ನೋಡಿದರೆ, ನಡುವಯಸ್ಸಿನ ಗಟ್ಟಿಮುಟ್ಟಾದ ಹೆಂಗಸು, ಚಿತ್ರದ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಬೆಡ್‌ಶೀಟಿನ ತುದಿ ಮುಷ್ಟಿಯಲ್ಲಿ ಬಿಗಿಯಾಗಿದೆ. ಹೆಸರು ಗುಲಾಬಿ. ಮಲ್ಪೆಯವಳು. ಗಂಡ ಮಲ್ಪೆಯಿಂದ ಶಿವಾಜಿನಗರದ ಮಾರ್ಕೆಟ್ಟಿಗೆ ಮೀನಿನ ಲಾರಿ ತರುವವನು, ಇಳಿಸುವಾಗಲೇ ಎದೆನೋವು ಬಂದು ಬಿದ್ದಿದ್ದ. ಅವಳು ರಾತ್ರಿ ಬಸ್ಸು ಹಿಡಿದು ಬಂದಿದ್ದಳು.

"ಇದನ್ನ ಬರೆದೋಳು ನಾನೇ ಕಣಮ್ಮ," ಎಂದೆ, ಸ್ವಲ್ಪ ಬಿರುಸಾಗಿಯೇ. "ಏನಾಗಿದೆ ಇದಕ್ಕೆ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವಾ ಬರ್ದದ್ದು? ನಿಮಗೆ ಎಂತ ಆಗಿತ್ತು ಮಾರಾಯ್ರೆ? ದೋಣಿ ಬರ್ತಾ ಉಂಟು. ಜನ ಎಲ್ಲಿ?"

"ಜನ ಇಲ್ಲ. ಶಾಂತವಾಗಿರ್ಲಿ ಅಂತ."

"ಶಾಂತವಾ!" ಅಂದಳು. ಆಮೇಲೆ ಅವಳ ದನಿ ಇಳಿಯಿತು. "ನಮ್ಮ ಅಪ್ಪನ ದೋಣಿ ಹೀಗೇ ಬಂದದ್ದು. ಹೀಗೇ ಒಳ್ಳೆ ಬಿಸಿಲು. ಸಮುದ್ರವೂ ತಣ್ಣಗೆ ಇತ್ತು. ನಾವೆಲ್ಲ ದಡದಲ್ಲಿ ನಿಂತು ನೋಡ್ತಾ ಇದ್ದೆವು. ದೋಣಿ ಮಾತ್ರ ಬಂತು."

ನಾನು ತಿರುಗಿ ಚಿತ್ರ ನೋಡಿದೆ. ಬೆಡ್‌ಶೀಟು ಅರ್ಧ ಜಾರಿತ್ತು, ದೋಣಿ ಮಾತ್ರ ಕಾಣುತ್ತಿತ್ತು. ಅಯ್ಯೋ ದೇವರೇ, ಎಷ್ಟೊಂದು ಮನೆಗಳಲ್ಲಿ ಈ ದೋಣಿಯನ್ನು ತೂಗುಹಾಕಿದ್ದೇನೆ! ಖಾಲಿ ದೋಣಿ ತಾನಾಗಿಯೇ ದಡಕ್ಕೆ ಬರುವುದು ಯಾವಾಗ ಎಂದು ಕೆರೆ ದಂಡೆಯ ನನಗೆ ಹೊಳೆದಿರಲಿಲ್ಲ. ಸಾಹೇಬರಿಗೂ ಹೊಳೆದಿರಲಿಲ್ಲ. ನಮಗೆ ವಾಸ್ತುವಿನ ದೋಣಿ ಗೊತ್ತಿತ್ತು, ಗೋಡೆಯ ದೋಣಿ ಗೊತ್ತಿತ್ತು, ಅಷ್ಟೆ.

ಮ್ಯಾನೇಜರ್ ಬಂದು, "ಇವತ್ತು ತೆಗೆಸಿ ಒಳಗಿಡ್ತೀವಿ ಮೇಡಂ, ಇವ್ರು ಹೋದ್ಮೇಲೆ ಮತ್ತೆ ಹಾಕಿದ್ರಾಯ್ತು," ಎಂದರು. ಸುಲಭದ ದಾರಿ. ಆದರೆ ಬೋಳು ಗೋಡೆ ಇವಳಿಗೆ ಇನ್ನೂ ಕೆಟ್ಟದ್ದು ಎಂದು ನನಗೆ ಅನ್ನಿಸಿತು. ದೋಣಿ ಬರುತ್ತಿದೆ ಎಂದು ಕಂಡವಳ ಮುಂದಿನಿಂದ ದೋಣಿಯನ್ನೇ ಎತ್ತಿಕೊಂಡು ಹೋಗುವುದೆ?

"ತೆಗೀಬೇಡಿ. ಒಂದು ಸ್ಟೂಲ್ ತರಿಸಿ," ಎಂದೆ.

ಸಾಹೇಬರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಆದರೆ ಸ್ಟೂಲ್ ಹತ್ತಿ ಬಣ್ಣ ಕಲಸುವಾಗ ಅವರ ಮಾತು ತಲೆಯಲ್ಲಿತ್ತು. ಮುಖ ಬರೆದವನು ಜೀವವನ್ನೂ ಕೊಡಬೇಕಾಗುತ್ತದೆ. ಆ ಹೊತ್ತಿನಲ್ಲಿ, ಆ ಬಾಗಿಲಿನ ಮುಂದೆ, ಅದು ಬರೀ ಹಿರಿಯರ ಮಾತಾಗಿ ಕೇಳಿಸಲಿಲ್ಲ. ನನ್ನ ಕೈ ಹಿಂಜರಿಯಿತು. ಆಗ ನಮ್ಮ ಕೆರೆ ನೆರವಿಗೆ ಬಂತು. ಬೋಟಿಂಗಿನವರು ಹುಟ್ಟು ಹಾಕುವಾಗ ಹೋಗುವ ಕಡೆಗೆ ಬೆನ್ನು ಮಾಡಿ ಕೂರುತ್ತಾರೆ. ಎಷ್ಟು ಸಂಜೆ ನೋಡಿಲ್ಲ! ದಡದ ಕಡೆಗೆ ಬರುವವನ ಬೆನ್ನು ದಡದಲ್ಲಿ ನಿಂತವರಿಗೆ ಕಾಣುತ್ತದೆ. ಹಾಗಾದರೆ ಮುಖ ಬೇಕಿಲ್ಲ.

ಮೊದಲು ಹೆಗಲು, ಆಮೇಲೆ ಬಾಗಿದ ಬೆನ್ನು, ಎರಡು ಕೈ, ಎರಡು ಹುಟ್ಟು. ಬಿಸಿಲು ಎಡದಿಂದ ಬೀಳುತ್ತಿತ್ತು, ಎಡ ಹೆಗಲಿಗೆ ಒಂದು ಎಳೆ ಹಳದಿ ಕೊಟ್ಟೆ. ಗುಲಾಬಿ ಬೆಡ್‌ಶೀಟು ಮಡಚಿ ಎದೆಗೊತ್ತಿಕೊಂಡು ಕೆಳಗೆ ನಿಂತಿದ್ದಳು. ಹಾಲಿನಲ್ಲಿ ಕಾದಿದ್ದ ಬೇರೆಯವರೂ ಎದ್ದು ಬಂದು ನಿಂತರು.

ಮ್ಯಾನೇಜರ್ ಮೆಲ್ಲಗೆ, "ಮೇಡಂ, ಬೆನ್ನು ಈ ಕಡೆ ಇದ್ರೆ ಹೋಗ್ತಿರೋ ಥರ ಕಾಣಲ್ವಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಗುಲಾಬಿ ಗದರಿದಳು: "ಹೋಗುದಲ್ಲ, ಬರುದು! ದೋಣಿಯ ಮೂತಿ ನೋಡಿ. ಬರುವವ್ರು ಬೆನ್ನು ಹಾಕಿಯೇ ಬರುದು." ಹೇಳಿ, ಬಂದಾಗಿನಿಂದ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂತಳು.

ಅವಳ ಗಂಡ ಬದುಕಿದ. ನಾನು ಬರೆದ ಮನುಷ್ಯನಿಂದಲ್ಲ, ಡಾಕ್ಟರುಗಳಿಂದ. ಚಿತ್ರ ಯಾರನ್ನೂ ಬದುಕಿಸುವುದಿಲ್ಲ, ಅಂಥ ಬುರುಡೆ ನಾನು ಬಿಡುವವಳಲ್ಲ. ಆದರೆ ಅಷ್ಟು ಹೊತ್ತು ಅವಳಿಗೆ ಕೂರಲು ಒಂದು ಜಾಗ ಸಿಕ್ಕಿತು. ನಮ್ಮ ಕೆಲಸ ಅಷ್ಟು ಮಾಡಬಲ್ಲದು.

ಅಂಗಡಿಗೆ ವಾಪಸು ಬಂದೆ. ಸುದ್ದಿ ನನಗಿಂತ ಮೊದಲೇ ಫೋನಿನಲ್ಲಿ ಬಂದಿತ್ತು.

"ಮನುಷ್ಯನ್ನ ಬರೆದ್ಯಾ?" ಸಾಹೇಬರು ಕೇಳಿದರು.

"ಬರೆದೆ ಸಾಹೇಬ್ರೆ. ಆದ್ರೆ ಅವನ..."

"ಆದ್ರೆ ಗೀದ್ರೆ ನಕ್ಕೋ, ಏನೂ ಬೇಡ! ನನ್ನ ಅಂಗಡಿ ಹೆಸರಲ್ಲಿ ಹೋದ ಚಿತ್ರ ಅದು. ಒಂದು ಮಾತು ಕೇಳೋದಲ್ವಾ? ಇನ್ನು ಆ ಹಾಲ್‌ಗೆ ನಾನು ಕಾಲಿಡಲ್ಲ."

ಕೇಳದವರಿಗೆ ಹೇಳುವ ಚಾಳಿ ನನಗೂ ಇಲ್ಲ. ಒಂದೇ ಅಂಗಡಿಯಲ್ಲಿ ಕೂತು ಬಹಳ ದಿನ ಮೂರನೆಯವರ ಮೂಲಕ ಮಾತಾಡಿದೆವು. ಆಮೇಲೆ ಸಿಟ್ಟು ಸವೆಯಿತು, ಚಹಾ ಮತ್ತೆ ಜೊತೆಗೆ ಕುಡಿದೆವು. ಆದರೆ ಆ ಚಿತ್ರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಸ್ಪತ್ರೆಗೆ ಫ್ರೇಮು ಸರಿಮಾಡಲು ಹೋಗಬೇಕಾಗಿ ಬಂದರೂ ಅವರು ಹೋಗಲಿಲ್ಲ, ಬೇರೆಯವರನ್ನು ಕಳಿಸಿದರು.

ಮುಂದೆ ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹೊಡೆಯುವ ಮೆಷಿನ್ನು ಬಂತು. ಒಂದು ಸಮುದ್ರಕ್ಕೆ ನಾನು ವಾರಗಟ್ಟಲೆ ಕೂರುತ್ತಿದ್ದೆ, ಅದು ಚಹಾ ಆರುವುದರೊಳಗೆ ಉಗುಳುತ್ತದೆ. ಈಗಂತೂ ಮೊಬೈಲಿಗೆ ಎರಡು ಮಾತು ಹೇಳಿದರೆ ಸಮುದ್ರ, ಸೂರ್ಯ, ದೋಣಿ ಎಲ್ಲ ಬಂದು ಬೀಳುತ್ತವೆ. ಮೆಷಿನ್ನನ್ನು ಬೈಯುವ ಮುದುಕಿ ನಾನಲ್ಲ. ಒಳ್ಳೆಯ ಬಣ್ಣವನ್ನೇ ಕೊಡುತ್ತದೆ. ಆದರೆ ಆ ದೋಣಿಯಲ್ಲಿ ಜನ ಎಲ್ಲಿ ಎಂದು ಒಬ್ಬ ಹೆಂಗಸು ಕೇಳಿದರೆ ಸ್ಟೂಲ್ ಹತ್ತಲು ಯಾರಾದರೂ ಬೇಕಲ್ಲ? ತಂಗಿಯ ಮಗಳೇ, ನಿನ್ನ ಸಂಬಳ ಅದಕ್ಕೆ.

ನಾನು ಕೆಲಸ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಮೆಹರ್ ಆಪಾ ಫೋನ್ ಮಾಡಿದರು. ಗೌಸ್ ಸಾಹೇಬರ ಹೆಂಡತಿ. ಲಿಂಗರಾಜಪುರದ ಅವರ ಮನೆಯ ಬಿರಿಯಾನಿ ಉಣ್ಣದ ರಂಜಾನ್ ನನಗೆ ನೆನಪಿಲ್ಲ. ಆಪಾ ಹೇಳಿದ್ದು ಇಷ್ಟೆ: "ಜಯಾ, ಇವ್ರಿಗೆ ಹಾರ್ಟ್ ಆಪರೇಷನ್. ಒಳಗೆ ಕರ್ಕೊಂಡು ಹೋದ್ರು. ಬಾ."

ಅದೇ ಆಸ್ಪತ್ರೆ. ಅದೇ ಹಾಲ್. ಮಗ ಔಷಧಿ, ರಕ್ತ ಎಂದು ಓಡಾಡುತ್ತಿದ್ದ. ಆಪಾ ತಸ್ಬೀಹ್ ಮಣಿ ತಿರುಗಿಸುತ್ತ ನನ್ನ ಸಮುದ್ರದ ಎದುರಿಗೇ ಕೂತಿದ್ದರು. ಪಕ್ಕದಲ್ಲಿ ಕೂತೆ.

"ಇದೇನಾ ಆ ಜಗಳದ ಚಿತ್ರ?" ಆಪಾ ಕೇಳಿದರು.

"ಇದೇ."

"ಮುಖ ಎಲ್ಲಿದೆ?"

"ಬರೆದಿಲ್ಲ ಆಪಾ. ಬೆನ್ನು ಮಾತ್ರ."

"ಅವರಿಗೆ ಇದನ್ನ ಹೇಳ್ಲಿಲ್ವಾ ನೀನು?"

"ಅವರು ಹೇಳೋಕೆ ಬಿಟ್ರೆ ತಾನೆ!"

ಆಪಾ ನಕ್ಕರು, "ಇಬ್ಬರೂ ಒಂದೇ ಥರ, ಕತ್ತೆಗಳು!" ಎಂದರು, ನಗುತ್ತಲೇ ಅತ್ತರು. ಕಣ್ಣೊರೆಸಿಕೊಂಡು ಮತ್ತೆ ಗೋಡೆ ನೋಡಿದರು. "ಜಯಾ, ಇವನು ಹೋಗ್ತಿದ್ದಾನಾ, ಬರ್ತಿದ್ದಾನಾ?"

ಈ ಪ್ರಶ್ನೆಗೆ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ದೋಣಿಯ ಮೂತಿ, ಹುಟ್ಟು, ಬೆನ್ನು ಎಂದು ಯಾರು ಕೇಳಿದರೂ ವಿವರಿಸುತ್ತಿದ್ದೆ. ಅಂದು ಮಾತ್ರ ನಾನೂ ಚಿತ್ರದ ಕಡೆಗೇ ತಿರುಗಿದೆ. ಆ ಬೆನ್ನು ಕಂದು ಬಣ್ಣದ ನಾಲ್ಕು ಎಳೆತ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅದನ್ನೇ ನೋಡುತ್ತ ಕೂತಿದ್ದೆ, ಸ್ವಲ್ಪವಾದರೂ ದಡದ ಹತ್ತಿರ ಬಂದಿದ್ದಾನೆಯೆ ಎಂದು. ನನಗೆ ಭಯವಾಗಿತ್ತು. ನನಗೆ ಕೆಲಸ ಕಲಿಸಿದ ಮನುಷ್ಯ ಆ ಬಾಗಿಲಿನ ಆಚೆ ಇದ್ದ.

"ಬರ್ತಿದ್ದಾರೆ ಆಪಾ," ಎಂದೆ.

ಬಂದರು. ಮನೆಗೆ ಕಳಿಸುವ ದಿನ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟಾಗ ಆಪಾ ಬೇಕೆಂದೇ ಆ ಹಾಲಿನ ಮೂಲಕ ತಿರುಗಿಸಿದರು. ಸಾಹೇಬರು ಇಳಿದುಹೋಗಿದ್ದರು, ಶಾಲಿನೊಳಗೆ ಅರ್ಧ ಕಾಣೆಯಾಗಿದ್ದರು. ಚಿತ್ರದ ಮುಂದೆ ಕೈಯೆತ್ತಿ ಕುರ್ಚಿ ನಿಲ್ಲಿಸಿದರು. ಅಂಗಡಿಯಲ್ಲಿ ನೋಡುತ್ತಿದ್ದ ಹಾಗೆಯೇ ಮೂಲೆಯಿಂದ ಮೂಲೆಗೆ ಮೊದಲು ಫ್ರೇಮು ನೋಡಿದರು, ಆಮೇಲೆ ಚಿತ್ರ.

"ಬೆನ್ನು ಬರೆದಿದ್ದೀಯಾ."

"ಹ್ಞೂಂ."

"ಇದನ್ನ ಅವತ್ತೇ ಹೇಳೋದಲ್ವಾ?"

ನಾನು ಆಪಾ ಮುಖ ನೋಡಿದೆ. ಆಪಾ ಸೂರು ನೋಡಿದರು.

ಸಾಹೇಬರು ಇನ್ನೂ ನೋಡುತ್ತಲೇ ಇದ್ದರು. ಆಮೇಲೆ ದನಿಯೇ ಇಲ್ಲದ ದನಿಯಲ್ಲಿ ಹೇಳಿದರು: "ಪಾಪ, ಒಬ್ನೇ ಇದ್ದಾನೆ ಜಯಾ. ಜೊತೆಗೆ ಇನ್ನೊಬ್ರನ್ನ ಕೂರಿಸು."

"ಯಾರನ್ನ ಸಾಹೇಬ್ರೆ?"

ಅವರು ಹಿಂದೆ ತಿರುಗದೆ, ಗಾಲಿಕುರ್ಚಿ ಹಿಡಿದಿದ್ದ ಕೈಯನ್ನು ತಟ್ಟಿದರು. "ಅಷ್ಟು ಹೊತ್ತು ಇಲ್ಲಿ ಕಾದ್ಲಲ್ಲ. ಇವಳನ್ನ. ಮುಖ ಮಾತ್ರ ನಕ್ಕೋ."

ಆಸ್ಪತ್ರೆಯವರ ಒಪ್ಪಿಗೆ ತೆಗೆದುಕೊಂಡು, ಧೂಳು ಹಿಡಿದಿದ್ದ ಬ್ರಷ್ಷು ತೊಳೆದು, ದಪ್ಪ ಕನ್ನಡಕ ಏರಿಸಿ ಮತ್ತೆ ಸ್ಟೂಲ್ ಹತ್ತಿದೆ. ಅವನ ಪಕ್ಕದಲ್ಲಿ, ಅದೇ ಹಲಗೆಯ ಮೇಲೆ, ತಲೆಗೆ ದುಪಟ್ಟ ಹೊದ್ದ ಒಂದು ಬೆನ್ನು. ಎಡ ಹೆಗಲಿಗೆ ಅದೇ ಹಳದಿಯ ಎಳೆ. ಆಪಾ ಕೆಳಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮುಗಿಯುವವರೆಗೂ ನೋಡಿದರು.

"ಚೆನ್ನಾಗಿದೆ. ಆದ್ರೆ ನನ್ನ ಕೈ ಯಾಕೆ ಖಾಲಿ ಬಿಟ್ಟಿದ್ದೀಯಾ?" ಎಂದರು. "ಒಂದು ಹುಟ್ಟು ಅವರಿಂದ ತೆಗೆದು ನನಗೆ ಕೊಡು. ಸುಮ್ನೆ ಕೂತು ದಡ ಸೇರೋಳಲ್ಲ ನಾನು."

ಕೊಟ್ಟೆ.